ಬೇಲಿ ಮರೆಯ ಲೋಟ

ನನಗೊಂದು ಕೆಟ್ಟ ಚಾಳಿ ಇದೆ. ಯಾರ ಮನೆಗೇ ಹೋಗಲಿ, ನೀರು ಕೊಟ್ಟರೆ ಕುಡಿಯುವುದಕ್ಕೆ ಮುಂಚೆ ಲೋಟವನ್ನು ಒಂದು ಸುತ್ತು ತಿರುಗಿಸಿ ಅದರ ಮೇಲಿನ ಹೆಸರು ಓದುತ್ತೇನೆ. ನೀವೂ ಓದುತ್ತೀರಿ, ನನಗೆ ಗೊತ್ತು. ಒಪ್ಪಿಕೊಳ್ಳುವುದಿಲ್ಲ ಅಷ್ಟೆ. ಗೃಹಪ್ರವೇಶ, ನಾಮಕರಣ, ತಿಥಿ ಅಂತ ಬೀದಿಯ ಪಾತ್ರೆಗಳೆಲ್ಲ ಒಂದೇ ಚಪ್ಪರದಡಿ ಸೇರಿ, ಚಪ್ಪರ ಬಿಚ್ಚುವ ಹೊತ್ತಿಗೆ ಯಾವುದು ಯಾರ ಮನೆಗೆ ಹೋಯಿತು ಅನ್ನುವುದು ದೇವರಿಗೂ ತಿಳಿಯುವುದಿಲ್ಲ. ಮಳವಳ್ಳಿಯ ನಮ್ಮ ಅಡುಗೆಮನೆಯಲ್ಲಿ 'ಶ್ರೀಮತಿ ಕೆಂಪಮ್ಮನವರ ಕಾಣಿಕೆ' ಎಂದು ಬರೆದಿರುವ ಬೇಸಿನ್ನು ಹತ್ತು ವರ್ಷದಿಂದ ಇದೆ. ಈ ಕೆಂಪಮ್ಮ ಯಾರು, ಯಾರಿಗೆ ಕಾಣಿಕೆ ಕೊಟ್ಟರು, ನಮಗೆ ಗೊತ್ತಿಲ್ಲ. ಅವರ ಬೇಸಿನ್ನಿನಲ್ಲೇ ನಾವು ಅಕ್ಕಿ ತೊಳೆಯುತ್ತೇವೆ.

ಈ ಚಾಳಿ ಬಂದದ್ದು ನನ್ನ ಅಜ್ಜಿಯಿಂದ. ಕಿರುಗಾವಲಿನ ಅಜ್ಜಿಗೆ ಓದು ಬರಹ ಇರಲಿಲ್ಲ. ಅವಳ ಪಾತ್ರೆಗಳಿಗೆ ಹೆಸರಿನ ಬದಲು ತಳದಲ್ಲಿ ಮೊಳೆಯಿಂದ ಕುಟ್ಟಿದ ಮೂರು ಚುಕ್ಕಿ. ಮಜ್ಜಿಗೆ ಇಸಿದುಕೊಂಡು ಹೋದ ಚೊಂಬು ವಾಪಸು ಬಂದರೆ ಮೊದಲು ಚುಕ್ಕಿ ನೋಡುತ್ತಿದ್ದಳು, ಆಮೇಲೆ ಒಳಗೆ ನೋಡುತ್ತಿದ್ದಳು, ಆಮೇಲೆ ತಂದವಳ ಜಾತಕ ಬಿಚ್ಚುತ್ತಿದ್ದಳು. "ನೋಡ್ಲಾ, ತೊಳ್ದವ್ಳೆ, ಒರ್ಸಿಲ್ಲ. ಕೆಲ್ಸ ಅರ್ದಕ್ಕೇ ಬುಡೋಳು ಇವ್ಳು." ಇನ್ನೊಬ್ಬಳು ಚೊಂಬಿನಲ್ಲಿ ಒಂದು ಅಚ್ಚು ಬೆಲ್ಲ ಹಾಕಿ ತಂದುಕೊಟ್ಟರೆ ಅದಕ್ಕೂ ಅವಳಲ್ಲಿ ಅರ್ಥ ಇತ್ತು. "ಇವ್ಳು ನಾಳಿಕೆ ಇನ್ನೇನೋ ಕೇಳಕ್ಕೆ ಬತ್ತಾಳೆ ಕಣ್ಲಾ." ಬರುತ್ತಿದ್ದಳು ಕೂಡ.

ನಾನು ಮಾತು ಕಲಿತದ್ದೂ ಈ ಅಜ್ಜಿಯ ಬಾಯಿಂದಲೇ. ಅಂದಮೇಲೆ ನನ್ನ ಕನ್ನಡದಲ್ಲಿ 'ಹ' ಇರಲಿಲ್ಲ. ಒಂದನೇ ಕ್ಲಾಸಿನಲ್ಲಿ ಮೇಷ್ಟ್ರು 'ಅ'ಕಾರದ ಪದ ಹೇಳಿ ಅಂದಾಗ ಎಲ್ಲರಿಗಿಂತ ಮೊದಲು ಎದ್ದು "ಅಕ್ಕಿ" ಅಂದೆ. "ಭೇಷ್! ಅಕ್ಕಿ ಏನಾಗ್ತದಪ್ಪ?" ಅಂದರು ಮೇಷ್ಟ್ರು, ಅನ್ನ ಆಗ್ತದೆ ಅನ್ನಲಿ ಅಂತ. ನಾನು, "ಆರೋಯ್ತದೆ ಸಾ" ಅಂದೆ. ಅಂದಿನಿಂದ ಮೇಷ್ಟ್ರು ನನ್ನನ್ನು ಬಿಡಲಿಲ್ಲ. ಬಾಯಿಯ ಮುಂದೆ ಅಂಗೈ ಹಿಡಿಸಿ, "ಹ ಅಂದ್ರೆ ಅಂಗೈಗೆ ಬಿಸಿ ತಾಗಬೇಕು, ತಾಗೋ ತನಕ ಅನ್ನು" ಎಂದು ಊಟದ ಬೆಲ್ಲಿನವರೆಗೆ ನಿಲ್ಲಿಸುತ್ತಿದ್ದರು. ಹಕ್ಕಿ, ಹಸು, ಹೊಲ, ಹಗ್ಗ. ಒಂದು ವರ್ಷದಲ್ಲಿ ನನ್ನ ಅಂಗೈ ಬೆಂದು 'ಹ' ಬಂತು. ಬಂದದ್ದೇ ಬಂದದ್ದು, ಅದರ ಜೊತೆ ಜಂಬವೂ ಬಂತು. ಮನೆಗೆ ಹೋಗಿ ಅಜ್ಜಿಗೇ ತಿದ್ದತೊಡಗಿದೆ. "ಓಗ್ಲಾ, ನಿನ್ ಉಸ್ರು ನೀನೇ ಇಟ್ಕೊ" ಅಂದಳು ಅಜ್ಜಿ.

ಆ ಉಸಿರೇ ಮುಂದೆ ನನಗೆ ಅನ್ನ ಹಾಕಿತು ಅನ್ನಬೇಕು. ನಾನು ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರು. ಬಸ್ಸು ಬಂದ ಟೈಮು ಬರೆದುಕೊಳ್ಳುವುದು, ಹೊರಡಿಸುವುದು, ಮೈಕಿನಲ್ಲಿ ಕೂಗುವುದು. ಹಲಗೂರು, ಹುಸ್ಕೂರು, ಹನೂರು ಅಂತ ನಾನು ಕೂಗಿದರೆ ಸ್ಟ್ಯಾಂಡಿನ ಆಚೆ ಹೂ ಮಾರುವವರಿಗೂ ಒಂದೊಂದು 'ಹ' ಬೇರೆಬೇರೆಯಾಗಿ ಕೇಳಿಸಬೇಕು. ಊರೂರಿಗೆ ಜನರನ್ನು ಕಳಿಸಿ ಕಳಿಸಿ ನಾನು ಮಾತ್ರ ಗೂಡಿನಂಥ ರೂಮಿನಲ್ಲಿ ಕೂತಲ್ಲೇ ಕೂತು ಮೂವತ್ತು ವರ್ಷಕ್ಕೆ ಬಂತು.

ಇಂಥವನನ್ನು ಹೋದ ಅವರೆಕಾಯಿ ಕಾಲದಲ್ಲಿ ಒಂದು ಭಾನುವಾರ ಮಧ್ಯಾಹ್ನ ಒಂದು ಹುಡುಗಿ ಕೂತಲ್ಲಿಂದಲೇ ಪ್ರಯಾಣ ಹೊರಡಿಸಿದಳು. ಅಲ್ಲಿಂದ ಶುರುವಾಯಿತು ನೋಡಿ ನನ್ನ ತಳಮಳ.

ಹುಡುಗಿ ಅಂದರೆ ಚೈತ್ರ, ನನ್ನ ಹೆಂಡತಿ ಹೇಮಾವತಿಯ ತಮ್ಮನ ಮಗಳು. ಮಂಡ್ಯದ ಕಾಲೇಜಿನಲ್ಲಿ ಮನಃಶಾಸ್ತ್ರ ಓದುತ್ತಾಳೆ. ರಜಕ್ಕೆ ಅತ್ತೆಯ ಮನೆಗೆ ಬಂದಿದ್ದವಳು, "ಮಾವ, ಒಂದು ಆಟ. ಕಣ್ಮುಚ್ಚಿ. ನೀವೊಂದು ದಾರೀಲಿ ಹೋಗ್ತಾ ಇದ್ದೀರ" ಅಂದಳು.

"ಎಷ್ಟನೇ ಪ್ಲಾಟ್‌ಫಾರಂ?"

"ಬಸ್ಸಿಲ್ಲ ಮಾವ! ನಡ್ಕೊಂಡು. ಜೊತೇಲಿ ಯಾರಿದ್ದಾರೆ?"

ದಿನಾ ಸಾವಿರ ಜನರ ನಡುವೆ ಕೂರುವವನಿಗೆ ಕಣ್ಣು ಮುಚ್ಚಿದರೆ ಮೊದಲು ಬೇಕಾಗುವುದು ಖಾಲಿ ದಾರಿ. ಅದಕ್ಕೇ, "ಯಾರೂ ಇಲ್ಲ" ಅಂದೆ. ಪಕ್ಕದಲ್ಲಿ ಹೇಮಾ ಅವರೆಕಾಯಿ ಸುಲಿಯುತ್ತ ಕೂತಿದ್ದದ್ದು ಆಮೇಲೆ ನೆನಪಾಯಿತು.

"ದಾರೀಲಿ ಒಂದು ಲೋಟ ಬಿದ್ದಿದೆ. ಏನು ಮಾಡ್ತೀರ?"

"ಎತ್ಕೊಂಡು ಬ್ಯಾಗಿಗೆ ಹಾಕ್ಕೋತೀನಿ. ಯಾರೋ ಪ್ಯಾಸೆಂಜರು ಬಿಟ್ಟು ಹೋಗಿರ್ತಾರೆ."

"ಮುಂದೆ ಒಂದು ಗೋಡೆ. ಅದರಾಚೆ ಏನಿದೆ?"

"ಗೋಡೆ ಆಚೆ ಏನಿರ್ತದೆ ಅಂತ ಬಸ್ ಸ್ಟ್ಯಾಂಡಿನವನನ್ನ ಕೇಳ್ತೀಯಲ್ಲಮ್ಮ. ಮೂಗು ಮುಚ್ಕೊ."

"ಗೋಡೆ ಅಂದ್ರೆ ಸಾವು ಮಾವ. ಸತ್ತ ಮೇಲೆ ಏನಿರ್ತದೆ ಅಂತ ನಿಮ್ಮ ಮನಸ್ಸಿನಲ್ಲಿದೆಯೋ ಅದು ಗೋಡೆ ಆಚೆ ಕಾಣೋದು."

ನನ್ನ ಪರಲೋಕದ ಗತಿ ನೆನೆದು ಮೂವರೂ ನಕ್ಕೆವು. ಆಮೇಲೆ ಚೈತ್ರ ಅತ್ತೆಯ ಕಡೆ ತಿರುಗಿದಳು. "ನಂಗ್ಯಾಕೆ ಬುಡವ್ವ ಇವೆಲ್ಲ" ಅಂದಳು ಹೇಮಾ. ಆದರೂ ಕಣ್ಣು ಮುಚ್ಚಿದಳು. ಕೈ ಮಾತ್ರ ಕಾಯಿ ಸುಲಿಯುತ್ತಲೇ ಇತ್ತು.

"ದಾರಿ ಹೆಂಗದೆ ಅತ್ತೆ?"

"ನಮ್ಮೂರ ದಾರಿ. ಎಲ್ಡ್ ಕಡೀಕೂ ಬೇಲಿ."

"ಜೊತೇಲಿ?"

"ಇವ್ರು" ಎಂದು ಗದ್ದ ನನ್ನ ಕಡೆ ಎತ್ತಿದಳು. "ಇಂದ್ಗಡೆ ಬತ್ತಾವ್ರೆ."

ನನಗೆ ಒಂದು ಕಡೆ ಹಿಗ್ಗು, ಒಂದು ಕಡೆ ನಾಚಿಕೆ. ಹುಡುಗಿ ಲೋಟದ ಪ್ರಶ್ನೆ ಕೇಳಿದಳು. ಹೇಮಾಳ ಕೈ ನಿಂತಿತು.

"ಎತ್ಕೊಂಡೆ. ಎಸ್ರು ನೋಡ್ದೆ. ಬೇಲಿ ಮರೇಲಿ ಮಡಗ್ದೆ."

"ಯಾಕತ್ತೆ?"

"ಯಾರ್ಗೂ ಕಾಣ್ದಂಗೆ."

ಚೈತ್ರ ಒಂದು ಕ್ಷಣ ಪೆನ್ನು ಕಚ್ಚಿದಳು. ಲೋಟ ಅಂದರೆ ಪ್ರೀತಿಯಂತೆ. ಮದುವೆಯಾದವರಿಗೆ ದಾಂಪತ್ಯವಂತೆ. ಇದುವರೆಗೆ ಅವಳು ಕೇಳಿದವರಲ್ಲಿ ಕೆಲವರು ಅದರಲ್ಲಿ ನೀರು ಕುಡಿದರಂತೆ, ಕೆಲವರು ಒದ್ದುಕೊಂಡು ಹೋದರಂತೆ. ಹೆಸರು ಓದಿದವರು ಒಬ್ಬರೂ ಇಲ್ಲವಂತೆ. ಬಚ್ಚಿಟ್ಟವರಂತೂ ಇಲ್ಲವೇ ಇಲ್ಲ. ಅವಳ ನೋಟ್‌ಬುಕ್ಕಿನಲ್ಲಿ ಇದಕ್ಕೆ ಅರ್ಥವೇ ಇರಲಿಲ್ಲ.

"ಯಾರ ಎಸ್ರಿತ್ತು ಅತ್ತೆ?" ಅಂದಳು, ಅತ್ತೆಯ ಮಾತಿನಲ್ಲೇ.

"ಎಸ್ರು ಕುದೀತಾ ಅದೆ" ಎಂದು ಹೇಮಾ ಎದ್ದು ಒಳಗೆ ಹೋದಳು.

ನಮ್ಮ ಕಡೆ ಹೆಸರೂ ಎಸ್ರೇ, ಮುದ್ದೆಗೆ ಇಡುವ ಎಸರೂ ಎಸ್ರೇ. ಹಾಗಾಗಿ ಅದು ಉತ್ತರವೋ, ಉತ್ತರದಿಂದ ತಪ್ಪಿಸಿಕೊಂಡದ್ದೋ ಹೇಳುವುದು ಕಷ್ಟ. ನಾನು ಸುಮ್ಮನೆ ಒಳಗೆ ಇಣುಕಿದೆ. ಒಲೆಯ ಮೇಲೆ ಏನೂ ಇರಲಿಲ್ಲ.

ಆವತ್ತಿನಿಂದ ನನಗೆ ಕೂತರೆ ಕೂರಲಾಗದು, ನಿಂತರೆ ನಿಲ್ಲಲಾಗದು. ಯಾರ ಹೆಸರು? ಇಪ್ಪತ್ತೇಳು ವರ್ಷ ಒಂದೇ ಮನೆಯಲ್ಲಿ ಉಂಡವಳು, ಕನಸಿನಲ್ಲೂ ಅಲ್ಲದ, ನಿಜವೂ ಅಲ್ಲದ ದಾರಿಯಲ್ಲಿ, ನಾನು ಹಿಂದೆ ಬರುತ್ತಿರುವಾಗ, ನನಗೆ ಕಾಣದಂತೆ ಮುಚ್ಚಿಡಬೇಕಾದ ಹೆಸರು ಯಾರದು? ಸುತ್ತಿ ಬಳಸಿ ಕೇಳಿ ನೋಡಿದೆ.

"ಆ ಲೋಟ ಸ್ಟೀಲಿಂದಾ?"

"ಯಾವ್ ಲೋಟ?"

"ಅದೇ, ದಾರೀಲಿದ್ದದ್ದು."

"ಅಯ್ಯೋ, ಅದ್ನಿನ್ನೂ ಬುಟ್ಟಿಲ್ವಾ ನೀವು? ನಿಮ್ ದಾರೀಲಿ ಯಾರೂ ಇರ್ಲಿಲ್ವಲ್ಲ, ನನ್ ದಾರಿ ಉಸಾಬರಿ ನಿಮ್ಗ್ಯಾಕೆ?"

ಬ್ಯಾಗು ಎತ್ತಿಕೊಂಡು ಡ್ಯೂಟಿಗೆ ಹೋದೆ. ಹೋದವನು ಮೈಕು ಹಿಡಿದು, ಮೂವತ್ತು ವರ್ಷದಲ್ಲಿ ಮೊದಲ ಸಲ, "ಅಲಗೂರು, ಅಲಗೂರು" ಎಂದು ಕೂಗಿದೆ. ಸ್ಟ್ಯಾಂಡಿಗೆ ಸ್ಟ್ಯಾಂಡೇ ತಿರುಗಿ ನೋಡಿತು. ಡ್ರೈವರೊಬ್ಬ ಕಿಟಕಿಯಲ್ಲಿ ತಲೆ ಹಾಕಿ, "ಸಾ, ಅಲಗೂರಿನ 'ಹ' ಎಲ್ಲಿ ಇಳ್ದೋಯ್ತು? ಗೇಟ್ ತಾವ್ಲೇನಾ?" ಅಂದ. ಅಂಗೈ ಬಾಯಿಗೆ ಹಿಡಿದು ನೋಡಿಕೊಂಡೆ. ತಣ್ಣಗಿತ್ತು.

ಮನಸ್ಸು ಹೀಗೆ ಹುಳ ಬಿಟ್ಟುಕೊಂಡರೆ ಅದಕ್ಕೆ ಮೇವೂ ತಾನೇ ಹುಡುಕಿಕೊಳ್ಳುತ್ತದೆ. ನನಗೆ ಸೋಮನಹಳ್ಳಿಯ ಗಂಡು ನೆನಪಾದ. ನನಗಿಂತ ಮುಂಚೆ ಹೇಮಾಳನ್ನು ನೋಡಲು ಬಂದಿದ್ದವನು. ಹೈವೇ ಪಕ್ಕದ ಯಾವುದೋ ಕಾರ್ಖಾನೆಯಲ್ಲಿ ಕೆಲಸ. ಉಪ್ಪಿಟ್ಟು ತಿಂದು, ಕೇಸರಿಬಾತು ಇನ್ನೊಂದು ಸಲ ಹಾಕಿಸಿಕೊಂಡು, ಹೇಳಿ ಕಳಿಸ್ತೀವಿ ಅಂದು ಹೋದವನು ಹೇಳಿ ಕಳಿಸಲಿಲ್ಲ. ಇದನ್ನು ನನ್ನ ಮಾವನೇ ನಗುತ್ತ ಹೇಳಿದ್ದರು. ಹೆಸರು ಮಾತ್ರ ಹೇಳಿರಲಿಲ್ಲ.

ವಾರದ ರಜೆಯ ದಿನ, "ಮದ್ದೂರಿಗೆ ಹೋಗಿ ಬರ್ತೀನಿ" ಎಂದು ಹೇಮಾಳಿಗೆ ಅರ್ಧ ನಿಜ ಹೇಳಿ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಇಳಿದವನು ನಿಲ್ಲಲಿಲ್ಲ, ಇನ್ನೊಂದು ಬಸ್ಸು ಹತ್ತಿ ಸೋಮನಹಳ್ಳಿಗೆ ಹೋದೆ. ಯಾಕೆ ಅಂತ ಕೇಳಬೇಡಿ. ಕಾರ್ಖಾನೆಯ ಗೇಟಿನ ಎದುರು ಟೀ ಅಂಗಡಿಯಲ್ಲಿ ಕೂತು ಒಳಗಿಂದ ಬರುವ, ನನ್ನ ವಯಸ್ಸಿನ, ಕೂದಲು ಉದುರಿದ ಗಂಡಸರನ್ನೆಲ್ಲ ನೋಡಿದೆ. ಒಬ್ಬೊಬ್ಬನೂ ಅವನೇ ಅನ್ನಿಸಿದ, ಒಬ್ಬೊಬ್ಬನೂ ಅಲ್ಲ ಅನ್ನಿಸಿದ. ಟೀ ಬಂತು. ಅಭ್ಯಾಸದಂತೆ ಲೋಟ ತಿರುಗಿಸಿದೆ. ಪೇಪರ್ ಲೋಟ. ಹೆಸರಿಲ್ಲ. ನನ್ನ ಮೇಲೆ ನನಗೇ ಎಷ್ಟು ನಾಚಿಕೆಯಾಯಿತೆಂದರೆ ಟೀಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಅಜ್ಜಿ ನೋಡಿದ್ದರೆ ಅದಕ್ಕೂ ಒಂದು ಅರ್ಥ ಹೇಳುತ್ತಿದ್ದಳು.

ವಾಪಸು ಹೋಗಬಹುದಿತ್ತು. ಆದರೆ ಅಷ್ಟು ದೂರ ಬಂದಾಗಿತ್ತು, ಹೇಮಾಳ ತವರು ಕೊಕ್ಕರೆ ಬೆಳ್ಳೂರಿನ ಪಕ್ಕದ ಹಳ್ಳಿ. ಅವಳ ದಾರಿ ಅಲ್ಲಿತ್ತಲ್ಲ, ಎರಡು ಕಡೆಗೂ ಬೇಲಿ ಇರುವ ದಾರಿ, ಅದನ್ನಾದರೂ ನೋಡಿ ಬರೋಣ ಎಂದು ಹೊರಟೆ. ಬಸ್ಸು ಇಳಿದು ಆ ದಾರಿಯಲ್ಲಿ ನಡೆಯುವಾಗ ಹುಣಸೆ ಮರದ ತುಂಬ ಕೊಕ್ಕರೆಗಳು ಕೊಕ್ಕು ಕುಟ್ಟುತ್ತಿದ್ದವು. ನಿಜ ಹೇಳುತ್ತೇನೆ, ನಗಬೇಡಿ. ನಾನು ಎರಡು ಮೂರು ಕಡೆ ಬಗ್ಗಿ ಬೇಲಿಯ ಬುಡ ನೋಡಿದೆ.

ಹೇಮಾಳ ತಮ್ಮ ನಿಂಗರಾಜು ಜಗಲಿಯ ಮೇಲಿಂದಲೇ ಕೂಗಿದ. "ಏನ್ ಬಾವ, ಏಳ್ದೆ ಕೇಳ್ದೆ ಬಂದ್ಬುಟ್ರಿ? ಬೇಲೀಲಿ ಏನ್ ಕಳ್ಕೊಂಡ್ರಿ? ಅಕ್ಕ ಚೆನ್ನಾಗವ್ಳಾ?"

"ಚೆನ್ನಾಗಿದ್ದಾಳೆ. ಸುಮ್ನೆ ಬಂದೆ."

"ನೀವು ಸುಮ್ನೆ ಬಂದೋರೇ ಅಲ್ಲ. ಕುಂತ್ಕೊಳಿ ಮೊದ್ಲು."

ಅವನ ಹೆಂಡತಿ ಪುಟ್ಟಲಕ್ಷ್ಮಿ ನೀರು ತಂದುಕೊಟ್ಟಳು. ಲೋಟ ಹಿಡಿದು ತಿರುಗಿಸಿದೆ. ಸವೆದ ಸ್ಟೀಲಿನ ಮೇಲೆ ಚುಕ್ಕಿ ಚುಕ್ಕಿಯಾಗಿ, ಸ್ವಲ್ಪ ಸೊಟ್ಟಗೆ, ನಾಲ್ಕು ಅಕ್ಷರ: ಏಮಾವತಿ.

ನೀರು ಕುಡಿಯದೆ ಇನ್ನೊಂದು ಸಲ ಓದಿದೆ.

ನೆನಪಾದದ್ದು ನಮ್ಮ ಮದುವೆಯ ಮಾರನೆಯ ದಿನ. ಮನೆ ತುಂಬ ನನ್ನ ಸ್ನೇಹಿತರು, ನನ್ನ ಜೊತೆ ಕೆಲಸ ಮಾಡುತ್ತಿದ್ದ ಡಿಪೋದವರು. ಮಾವ ಒಂದು ಡಜನ್ ಹೊಸ ಲೋಟಗಳನ್ನು ಟವಲಿನಲ್ಲಿ ಸುತ್ತಿ ತಂದಿದ್ದರು. ಮಗಳ ಹೆಸರು ಹಾಕಿಸಲೆಂದು ಮದ್ದೂರಿನ ಪಾತ್ರೆ ಅಂಗಡಿಯಲ್ಲಿ ಹೊತ್ತೆಲ್ಲ ನಿಂತು, ಬಸ್ಸಿನಲ್ಲಿ ತೊಡೆಯ ಮೇಲೆ ಇಟ್ಟುಕೊಂಡು ಬಂದದ್ದು. ಅದರಲ್ಲೇ ಎಲ್ಲರಿಗೂ ಕಾಫಿ ಬಂತು. ನಾನು ಲೋಟ ತಿರುಗಿಸಿದೆ. ಓದಿದೆ. ಮನಸ್ಸಿನಲ್ಲಿ ಓದಿಕೊಂಡಿದ್ದರೆ ಆಗುತ್ತಿತ್ತು. ಮೈಕಿನ ಗಂಟಲಲ್ಲಿ, "ಏಮಾವತಿ! ಇದೇನ್ ಮಾವ, ಯಮಧರ್ಮರಾಯನ ತಂಗೀನ ಗಂಟು ಹಾಕಿಬಿಟ್ರಾ ನನಗೆ?" ಅಂದೆ.

ಮನೆಯೆಲ್ಲ ನಕ್ಕಿತು. ಮಾವನೂ ನಕ್ಕರು. ಅವರು ಸ್ವಲ್ಪ ತಡವಾಗಿ ನಕ್ಕರು. ಎಲ್ಲರ ಮುಖ ನೋಡಿ, ಇದು ನಗುವ ಮಾತು ಎಂದು ತಿಳಿದುಕೊಂಡು. ಅವರಿಗೆ ಓದು ಬರುತ್ತಿರಲಿಲ್ಲ. ನನ್ನ ಅಜ್ಜಿಗೆ ಬರುತ್ತಿರಲಿಲ್ಲವಲ್ಲ, ಹಾಗೆ.

"ಈ ಲೋಟ ಇಲ್ಲಿ ಹೇಗೆ?" ಅಂದೆ.

"ಅದೇನ್ ಬಾವ, ನಿಮ್ಗೆ ಗೊತ್ತಿಲ್ವಾ? ಮೊದ್ಲುನೇ ಗೌರಿ ಹಬ್ಬಕ್ಕೆ ಬಂದಾಗ ಅಕ್ಕ ಡಜನ್‌ಗೆ ಡಜನ್ನೂ ತಂದು ಇಲ್ಲೇ ಮಡಗ್ಬುಟ್ಲು. 'ಅಲ್ಲಿ ಬೇಕಾದಂಗವೆ' ಅಂದ್ಲು." ನಿಂಗರಾಜು ತಲೆ ಕೆರೆದುಕೊಂಡ. "ಅಪ್ಪ ಅದ್ಕೂ ಮುಂಚೆ ಅಂಗ್ಡಿಗೋಗಿ ಜಗ್ಳ ಆಡ್ದ. 'ಗೌಡ್ರೆ, ನೀವು ಏನ್ ಏಳುದ್ರೋ ಅದೇ ಬರ್ದಿವ್ನಿ' ಅಂದ್ನಂತೆ ಅವ್ನು. ಅಪ್ಪ ಮನೆಗ್ ಬಂದು, 'ನಾನೇನ್ಲಾ ತಪ್ಪೇಳ್ದೆ' ಅಂತ ನನ್ನೇ ಕೇಳ್ದ. ನಾನೇನ್ ಏಳ್ಲಿ?"

"ಮತ್ತೆ?"

"ಮತ್ತೇನು. ಸಾಯೋಗಂಟ ಇದ್ರಲ್ಲೇ ಕಾಫಿ ಕುಡ್ದ. ಬೇರೆ ಲೋಟ ಕೊಟ್ರೆ ಮುಟ್ತಿರ್ಲಿಲ್ಲ."

ಯಾರ ಮನೆಗೆ ಹೋದರೂ ಲೋಟದ ಹೆಸರು ಓದುವ ನಾನು, ನನ್ನ ಮನೆಯಿಂದ ಹನ್ನೆರಡು ಲೋಟ ಹೋಗಿ ಇಪ್ಪತ್ತೇಳು ವರ್ಷವಾದದ್ದನ್ನು ನೋಡಿರಲಿಲ್ಲ. ಕೆಂಪಮ್ಮನ ಬೇಸಿನ್ನು ಬಂದದ್ದು ಮಾತ್ರ ಗೊತ್ತು.

ಒಂದು ಲೋಟ ಕೇಳಿದೆ. ಪುಟ್ಟಲಕ್ಷ್ಮಿ, "ತಕಂಡೋಗಿ ಅಣ್ಣ" ಎಂದು ತೊಳೆದು, ಒರೆಸಿ, ಬರಿದೇ ಕೊಡಬಾರದೆಂದು ಒಂದು ಹಿಡಿ ಹುಣಸೆಹಣ್ಣು ತುಂಬಿ ಕೊಟ್ಟಳು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಪಕ್ಕದವನು ಹೆಸರು ಓದಲು ಕತ್ತು ಚಾಚಿದ. ನಾನು ಅಂಗೈಯಲ್ಲಿ ಮುಚ್ಚಿಕೊಂಡೆ. ಮುಚ್ಚಿಕೊಂಡ ಮೇಲೆ ತಿಳಿಯಿತು, ಹೇಮಾ ಬೇಲಿಯ ಹತ್ತಿರ ಮಾಡಿದ್ದೂ ಇದನ್ನೇ ಇರಬೇಕು ಎಂದು.

ಮನೆಗೆ ಬಂದಾಗ ಇನ್ನೂ ಬಿಸಿಲಿತ್ತು. ಹೇಮಾ ಬಾಗಿಲಲ್ಲೇ ನಿಂತಿದ್ದಳು. ನನ್ನ ಕೈಯ ಲೋಟ ನೋಡಿ, "ಯಾರ ಮನೇದು?" ಎಂದು ತೆಗೆದುಕೊಂಡಳು. ಹುಣಸೆಹಣ್ಣು ಸುರಿದಳು. ತಿರುಗಿಸಿದಳು. ಓದಿದಳು. ಬಹಳ ಹೊತ್ತು ಅವಳ ಹೆಬ್ಬೆರಳು ಆ ಚುಕ್ಕಿಗಳ ಮೇಲೆ ಓಡಾಡಿತು.

"ಇದ್ಯಾಕ್ ತಂದ್ರಿ? ಎಲ್ಲಿತ್ತು?"

"ಬೇಲಿ ಮರೇಲಿ" ಅಂದೆ.

ಅವಳು ನನ್ನ ಮುಖ ನೋಡಲಿಲ್ಲ. ಲೋಟಕ್ಕೇ ಹೇಳುವವಳಂತೆ ಹೇಳಿದಳು. "ಆವತ್ತು ಆ ಮಗೀಗೆ ಪೂರ್ತಿ ಏಳ್ಲಿಲ್ಲ. ನೀವು ಇಂದ್ಗಡೆ ಬತ್ತಿದ್ರಾ, ನಮ್ಮಪ್ಪ ಎದುರ್ಗಡೆಯಿಂದ ಬತ್ತಿದ್ದ. ಇಬ್ರೂ ಲೋಟದ ತಾವ್ಲೇ ಸೇರ್ತಿದ್ರಿ. ನೀವು ಓದ್ತಿದ್ರಿ. ಅಪ್ಪ ಮತ್ತೆ ನಗಬೇಕಾಗ್ತಿತ್ತು."

ತಪ್ಪಾಯಿತು ಅನ್ನುವುದಕ್ಕೆ ನಮ್ಮ ಭಾಷೆಯಲ್ಲಿ ಕಷ್ಟದ ಅಕ್ಷರ ಒಂದೂ ಇಲ್ಲ. ಆದರೂ ನನ್ನ ಬಾಯಲ್ಲಿ ಬರಲಿಲ್ಲ. ಬರುವಷ್ಟರಲ್ಲಿ ಅವಳು ಒಳಗೆ ಹೋಗಿದ್ದಳು.

ಲೋಟ ಅಡುಗೆಮನೆಯ ಸ್ಟ್ಯಾಂಡಿನಲ್ಲಿ ಕೂತಿತು, ಹೆಸರು ಗೋಡೆಯ ಕಡೆಗೆ ಮಾಡಿಕೊಂಡು. ದಿನಾ ಬೆಳಿಗ್ಗೆ ಕಾಫಿ ಮಾಮೂಲಿ ಲೋಟದಲ್ಲೇ ಬರುತ್ತಿತ್ತು. ದಿನಾ ಬೆಳಿಗ್ಗೆ ನಾನು ಸ್ಟ್ಯಾಂಡಿನ ಕಡೆ ನೋಡುತ್ತಿದ್ದೆ. ಹೆಸರು ಒಂದು ಬೆರಳಷ್ಟಾದರೂ ಈಚೆಗೆ ತಿರುಗಿದೆಯೋ? ಇಲ್ಲ. ಬಸ್ಸು ಲೇಟಾದರೆ ಜನ ನನ್ನ ಕಿಟಕಿಯ ಮುಂದೆ ಹೇಗೆ ಚಡಪಡಿಸುತ್ತಾರೆ ಅನ್ನುವುದು ಮೂವತ್ತು ವರ್ಷಕ್ಕೆ ನನಗೆ ಅರ್ಥವಾದದ್ದು ಆ ದಿನಗಳಲ್ಲಿ. ಚೈತ್ರ ಫೋನು ಮಾಡಿ, "ಮಾವ, ಅತ್ತೆ ಹೆಸರು ಹೇಳಿದ್ರಾ? ನನ್ನ ನೋಟ್ಸು ಅರ್ಧಕ್ಕೇ ನಿಂತಿದೆ" ಅಂದಳು. "ನಂದೂ ಅಷ್ಟೇ ಕಣಮ್ಮ" ಅಂದೆ.

ಮೊನ್ನೆ ಬೆಳಿಗ್ಗೆ ಪೇಪರು ಓದುತ್ತ ಕೂತಿದ್ದೆ. ಮುಂದೆ ಕಾಫಿ ಬಂತು. ಅದೇ ಲೋಟ. ಹೆಸರು ನನ್ನ ಕಡೆಗೆ. ತಿರುಗಿಸುವ ಕೆಲಸವೇ ಇರಲಿಲ್ಲ. ಹೇಮಾ ಹೋಗದೆ ಅಲ್ಲೇ ನಿಂತಳು, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು.

ನಾನು ಪೇಪರಿನಲ್ಲೇ ಕಣ್ಣಿಟ್ಟೆ. ಓದಬಾರದು ಎಂದು ತೀರ್ಮಾನ ಮಾಡಿದ್ದೆ.

"ಓದಿ" ಅಂದಳು.

"ಬೇಡ ಬಿಡು."

"ಓದಿ ಅಂದ್ನಲ್ಲ. ಎಲ್ರ ಮನೇದೂ ಓದ್ತೀರಿ."

ಲೋಟ ಎತ್ತಿಕೊಂಡೆ. ಬಿಸಿಯಾಗಿತ್ತು. ಅಭ್ಯಾಸಬಲದಿಂದ ಗಂಟಲು 'ಹ'ಕ್ಕೆ ಸಿದ್ಧವಾಯಿತು. ಉಸಿರು ತುದಿಗೆ ಬಂದು ನಿಂತಿತು. ಅದನ್ನು ಒಳಗೇ ನುಂಗಿ, ಬರೆದದ್ದು ಬರೆದ ಹಾಗೆ, ಕಿರುಗಾವಲಿನ ಜಗಲಿಯಲ್ಲಿ ಕೂತವನ ಹಾಗೆ ಓದಿದೆ.

"ಏಮಾವತಿ."

ಅವಳು ನನ್ನ ಎದುರಿಗೆ ಕೂತಳು. ಕಿವಿ ಇನ್ನೆಲ್ಲೋ ಇತ್ತು.

"ಊಂ. ನಮ್ಮಪ್ಪ ಅಂಗೇ ಕರೀತಿದ್ದ" ಅಂದಳು. "ಇನ್ನೊಂದ್ ಸಲ ಓದಿ."